ಪಾಲೆಮಜಲಿನ ಹನ್ನೊಂದು ಪೆಟ್ಟಿಗೆಗಳು ಮತ್ತು ಅಲಿ ಕುಂಞಿಯವರ ಹೆಸರು

ಪುತ್ತೂರು, ಸುಳ್ಯ, ಕಡಬ ಎಂಬ ಈ ಮೂರು ತಾಲೂಕುಗಳ ನೆಲದಡಿಯಲ್ಲಿ ಯಾವ ಕೇಬಲ್ ಎಲ್ಲಿ ಮಲಗಿದೆ, ಯಾವ ತಿರುವಿನಲ್ಲಿ ಅದು ರಸ್ತೆ ದಾಟುತ್ತದೆ, ಯಾವ ಮೋರಿಯ ಪಕ್ಕದಲ್ಲಿ ಅದಕ್ಕೆ ಜಾಯಿಂಟ್ ಬಿದ್ದಿದೆ ಎಂಬುದನ್ನು ನಕಾಶೆ ನೋಡದೆ ಹೇಳಬಲ್ಲವರು ಒಬ್ಬರೇ ಒಬ್ಬರು ಇದ್ದಾರೆ. ಅವರು ಕುಂಬ್ರದ ಅಲಿ ಕುಂಞಿಯವರು. ಊರಿಗೆ ಒಂದೇ ಫೋನು ಇದ್ದ ಕಾಲದಿಂದ ಹಿಡಿದು ಪಂಚಾಯತ್ ಕಟ್ಟಡದ ಗೋಡೆಯ ಮೇಲೆ 'ಸ್ಮಾರ್ಟ್ ಗ್ರಾಮ' ಎಂದು ಬಣ್ಣದಲ್ಲಿ ಬರೆಸುವ ಈ ಕಾಲದವರೆಗೆ, ಮೂವತ್ತೆಂಟು ವರ್ಷ ಅವರು ಕೇಬಲ್ ಜೋಡಿಸುವ ಕೆಲಸ ಮಾಡಿದರು. ಇಂಥವರ ನಿವೃತ್ತಿಯ ನೆಪದಲ್ಲಿ ಅಭಿನಂದನ ಗ್ರಂಥವೊಂದು ಹೊರಬರುತ್ತಿರುವುದು ಸಂತೋಷದ ಸಂಗತಿ ಎಂದು ಬರೆಯುವುದು ಪದ್ಧತಿ. ಸಂಪಾದಕ ಮಂಡಳಿಯವರು ಕೇಳಿದ್ದೂ 'ಸೇವಾವಧಿಯ ಸವಿನೆನಪು'ಗಳನ್ನೇ. ಸವಿಯಾದುದು ಬೇಕಾದಷ್ಟು ಇದೆ. ಸಿಟ್ಟು ಅದಕ್ಕಿಂತ ಹೆಚ್ಚು ಇದೆ, ಮತ್ತು ಅದನ್ನು ಶಾಲಿನಡಿ ಮುಚ್ಚಿಡಲು ಈ ಲೇಖಕನಿಗೆ ಮನಸ್ಸಿಲ್ಲ.

ಅಲಿ ಕುಂಞಿಯವರ ತಂದೆಗೆ ಕುಂಬ್ರ ಜಂಕ್ಷನ್ನಿನಲ್ಲಿ ಒಣಮೀನಿನ ಅಂಗಡಿ ಇತ್ತು. ಇಬ್ಬರು ಅಣ್ಣಂದಿರು ಒಬ್ಬರ ಹಿಂದೆ ಒಬ್ಬರು ಗಲ್ಫಿಗೆ ಹೋದರು. ಹತ್ತನೆಯ ತರಗತಿ ಮುಗಿಸಿ ಕೂತಿದ್ದ ಕಿರಿಯವರಿಗೂ ಕೊನೆಗೊಂದು ದಿನ ವೀಸಾ ಬಂತು. ಅದೇ ವಾರ ಟೆಲಿಫೋನ್ ಕೇಬಲಿಗೆ ಕಣಿ ತೋಡಲು ದಿನಗೂಲಿಯ ಜನ ಬೇಕೆಂದು ಪುತ್ತೂರಿನಿಂದ ಲಾರಿಯೂ ಬಂತು. ಅವರು ಲಾರಿ ಹತ್ತಿದರು. ಯಾಕೆ ಹಾಗೆ ಮಾಡಿದಿರಿ ಎಂದು ಮುಂದೆ ಎಷ್ಟೋ ಮಂದಿ ಕೇಳಿದ್ದಾರೆ, ಅವರ ಉತ್ತರ ಯಾವತ್ತೂ ಒಂದೇ. "ಅಣ್ಣನ ಕಾಗದ ಬರ್ಲಿಕ್ಕೆ ಇಪ್ಪತ್ತು ದಿನ ಆಗ್ತಿತ್ತು. ಉಮ್ಮ ಬಾಗಿಲಲ್ಲಿ ಕೂತು ಕಾಯುದು ನೋಡಿ ನೋಡಿ ಸಾಕಾಗಿತ್ತು ಮಾರಾಯ್ರೆ." ಎಂಟು ವರ್ಷ ದಿನಗೂಲಿಯಾಗಿ ದುಡಿದ ಮೇಲೆ ಅವರಿಗೆ ದೂರವಾಣಿ ಇಲಾಖೆಯಲ್ಲಿ ಕೆಲಸ ಖಾಯಂ ಆಯಿತು.

ಅವರು ಕಣಿ ತೋಡಿದ ಮೊದಲ ದಾರಿಗಳಲ್ಲಿ ಒಂದು ಕಡಬದಿಂದ ಒಳಗೆ, ಕಾಡಿನ ಅಂಚಿನಲ್ಲಿರುವ ಪಾಲೆಮಜಲಿನದು. ಆಗ ಅಲ್ಲಿ ಪದ್ಮಯ್ಯ ಗೌಡರಿಗೆ ಮದುವೆಯಾಗಿ ಒಂದು ವರ್ಷ. ಅವರ ಹೆಂಡತಿ ದುಗ್ಗಮ್ಮನವರು ಬಿಸಿಲಲ್ಲಿ ತೋಡುತ್ತಿದ್ದ ಹುಡುಗರಿಗೆ ಬೆಲ್ಲ ನೀರು ತಂದುಕೊಟ್ಟು, ಅಂಗಳದ ಬದಿಯಲ್ಲಿ ಕೇಬಲಿನ ಜಾಯಿಂಟ್ ಹೂತ ಜಾಗದ ಮೇಲೆ ಒಂದು ದಾಸವಾಳದ ಗೆಲ್ಲು ನೆಟ್ಟರಂತೆ. "ಇಲ್ಲಿ ನಿಮ್ಮ ಗಂಟು ಉಂಟು ಅಂತ ಗುರುತಿರ್ಲಿ. ಇಲ್ಲದಿದ್ರೆ ನಮ್ಮವರು ಗುದ್ದಲಿ ಹಾಕಿ ಬಿಡ್ತಾರೆ" ಎಂದರಂತೆ. ಲೈನಿಗೆ ಜೀವ ಬಂದ ದಿನ ಅಲಿ ಕುಂಞಿಯವರು ಅವರನ್ನು ಕರೆದು, ಮಡಿಕೇರಿಯಲ್ಲಿದ್ದ ಅವರ ಅಕ್ಕನಿಗೆ ಮೊದಲ ಕರೆ ಮಾಡಿಸಿದರು. ದುಗ್ಗಮ್ಮನವರು ರಿಸೀವರ್ ಹಿಡಿದುಕೊಂಡು ಅತ್ತುಬಿಟ್ಟರು. ಆ ದಾಸವಾಳ ಈಗಲೂ ಅಲ್ಲಿದೆ.

ಕೇಬಲ್ ಜೋಡಿಸುವವರಲ್ಲಿ ಒಂದು ಹಳೆಯ ಪದ್ಧತಿ ಇದೆ. ಜಾಯಿಂಟ್ ಮಾಡಿದವರು ಅದನ್ನು ಭದ್ರವಾಗಿಡುವ ಪೆಟ್ಟಿಗೆಯನ್ನು ಮುಚ್ಚುವ ಮೊದಲು ತಮ್ಮ ಹೆಸರು, ತಾರೀಕು ಬರೆದ ಚೀಟಿಯೊಂದನ್ನು ಒಳಗಿಡಬೇಕು. ಮುಂದೆ ಯಾರಾದರೂ ತೆರೆದರೆ ಇದು ಯಾರ ಕೈಕೆಲಸ ಎಂದು ತಿಳಿಯಬೇಕು. ಆದರೆ ನಮ್ಮ ಕಡೆಯ ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಬರೆದ ಚೀಟಿ ತಿಂಗಳೊಳಗೆ ಬೂಸಲು ಹಿಡಿಯುತ್ತದೆ. ಅದಕ್ಕೆ ಅಲಿ ಕುಂಞಿಯವರ ಮನೆಯಲ್ಲಿ ಒಂದು ಉಪಾಯ ಹುಟ್ಟಿತು. ಪ್ರತಿ ಬೇಸಗೆಯಲ್ಲೂ ಅವರ ಪತ್ನಿ ಪಾತು ಅವರು ದಪ್ಪ ಕಾಗದದ ತುಂಡುಗಳ ಮೇಲೆ ಗಂಡನ ಹೆಸರನ್ನು ದುಂಡಗೆ ಬರೆದು, ಕರಗಿಸಿದ ಮೇಣದಲ್ಲಿ ಅದ್ದಿ, ಗೆರಸೆಯಲ್ಲಿ ಆರಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಜಾಯಿಂಟ್ ಮಾಡಿದ ದಿನ ಅಲಿ ಕುಂಞಿಯವರು ಮೇಣದ ಮೇಲೆ ಮೊಳೆಯಿಂದ ತಾರೀಕು ಕೆರೆಯುತ್ತಿದ್ದರು. ಇಪ್ಪತ್ತು ವರ್ಷ ಹಳೆಯ ಪೆಟ್ಟಿಗೆ ತೆರೆದರೂ ಆ ಹೆಸರು ನಿನ್ನೆ ಬರೆದಂತಿರುತ್ತದೆ. ಆ ಚೀಟಿ ಕಂಡರೆ ಮೇಲ್ವಿಚಾರಕರು ಒಳಗಿನ ತಟ್ಟೆ ಎತ್ತಿ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಈ ನಂಬಿಕೆಯೇ ಮುಂದೆ ಅವರಿಗೆ ಮುಳುವಾಯಿತು.

ಅವರ ಉಪಕಾರಗಳನ್ನು ಬರೆಯಹೊರಟರೆ ಗ್ರಂಥ ಸಾಲದು. ಗಲ್ಫಿನ ಕರೆಗೆ ಕಾಯುವ ತಾಯಂದಿರ ಮನೆಯ ಲೈನು ಕೆಟ್ಟರೆ ದೂರು ದಾಖಲಾಗುವ ಮೊದಲೇ ಸರಿಪಡಿಸಿ ಬರುತ್ತಿದ್ದರು. ಉಪ್ಪಿನಂಗಡಿಯ ಪೇಟೆಗೆ ಹೊಳೆ ನುಗ್ಗಿದ ವರ್ಷ ಎಕ್ಸ್‌ಚೇಂಜಿನ ಬ್ಯಾಟರಿಗಳನ್ನು ಸೊಂಟಮಟ್ಟ ನೀರಿನಲ್ಲಿ ನಿಂತು ಒಂದೊಂದಾಗಿ ಅಟ್ಟಕ್ಕೆ ಏರಿಸಿದರು. ಆ ವಾರವಿಡೀ ನೆರೆಯ ಸುದ್ದಿ ಹೊರಗೆ ಹೋದದ್ದು ಆ ಬ್ಯಾಟರಿಗಳ ಬಲದಿಂದ. ಮರುದಿನದ ಪತ್ರಿಕೆಯಲ್ಲಿ ಬಂದದ್ದು ಮಾತ್ರ ಛತ್ರಿ ಹಿಡಿದು ನಿಂತಿದ್ದ ದೊಡ್ಡವರೊಬ್ಬರ ಚಿತ್ರ. ಫೈಬರ್ ಬಂದಾಗ ಅವರಿಗೆ ನಲವತ್ತೇಳು ದಾಟಿತ್ತು. ಕೂದಲೆಳೆಯಂತಹ ಗಾಜನ್ನು ಬೆಸೆಯುವ ವಿದ್ಯೆಯನ್ನು ಆ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು ಕಲಿತರು. ಅವರು ಎಡಗೈಯವರು. ಬೆಸೆದ ಎಳೆಗಳನ್ನು ತಟ್ಟೆಯಲ್ಲಿ ಎಲ್ಲರೂ ಬಲಕ್ಕೆ ಸುತ್ತಿದರೆ ಅವರು ಎಡಕ್ಕೆ ಸುತ್ತುತ್ತಾರೆ.

ಆಮೇಲೆ ಸ್ವಯಂ ನಿವೃತ್ತಿಯ ಗಾಳಿ ಬೀಸಿತು. ಮೂರು ತಾಲೂಕಿನ ದೂರವಾಣಿ ಕಚೇರಿಗಳಲ್ಲಿದ್ದ ನಲವತ್ತಮೂರು ಮಂದಿಯಲ್ಲಿ ಮೂವತ್ತೆಂಟು ಮಂದಿ ಒಂದೇ ದಿನ ಮನೆಗೆ ಹೋದರು. ಉಳಿದ ಐವರಲ್ಲಿ ಫೈಬರ್ ಜೋಡಿಸಲು ಬಲ್ಲವರು ಅಲಿ ಕುಂಞಿಯವರು ಮಾತ್ರ. ಮೂರು ತಾಲೂಕಿಗೆ ಒಂದು ಜೋಡಿ ಕೈ, ಒಂದು ಬೆಸುಗೆ ಯಂತ್ರ, ಮೂರು ದಿನಕ್ಕೊಮ್ಮೆ ಕೆಡುವ ಒಂದು ಜೀಪು. ಅದೇ ವರ್ಷ ದೆಹಲಿಯಿಂದ ಹಳ್ಳಿಯವರೆಗೆ ಘೋಷಣೆ ಕೇಳಿಸಿತು: ಪ್ರತಿ ಪಂಚಾಯತಿಗೆ ಬ್ರಾಡ್‌ಬ್ಯಾಂಡ್, ಪ್ರತಿ ಆರೋಗ್ಯ ಕೇಂದ್ರಕ್ಕೆ ಬ್ರಾಡ್‌ಬ್ಯಾಂಡ್, ಇಡೀ ದೇಶದ ಮೈಗೆ ಹೊಸ ನರಮಂಡಲ. ದೇಶ ಕೇಬಲಿಗಾಗಿ ದುಡ್ಡನ್ನು ನೀರಿನಂತೆ ಚೆಲ್ಲಿತು. ಕೇಬಲನ್ನು ಜೋಡಿಸುವ ಕೈಗಳನ್ನು ಮಾತ್ರ ದುಂದುವೆಚ್ಚ ಎಂದು ಮನೆಗೆ ಕಳುಹಿಸಿತು. ಹೀಗೆ ಮಾಡಿದವರ ಬುದ್ಧಿಗೆ ಏನು ಹೇಳಬೇಕೋ ತಿಳಿಯದು. ಅವರು ಯಾರೂ ಒಂದು ದಿನವೂ ಕಣಿಯ ಒಳಗೆ ಕೂತವರಲ್ಲ.

ಪಾಲೆಮಜಲಿಗೆ ಹದಿನೆಂಟು ಕಿಲೋಮೀಟರ್ ಫೈಬರ್ ಎಳೆಯುವ ಗುತ್ತಿಗೆ ದೂರದ ಊರಿನ ಒಂದು ಕಂಪೆನಿಗೆ ಸಿಕ್ಕಿತು. ಅದರ ಸೂಪರ್‌ವೈಸರ್ ಅಶ್ವಿತ್ ಎಂಬವರು. ಉದ್ಘಾಟನೆಯ ದಿನ ಮೊದಲೇ ನಿಗದಿಯಾಗಿತ್ತು, ಮಳೆ ಹಿಡಿದಿತ್ತು, ಕೆಲಸ ಅರ್ಧವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಅಶ್ವಿತ್ ಅವರು ಕಡಬದ ಹೋಟೆಲೊಂದರಲ್ಲಿ ಅಲಿ ಕುಂಞಿಯವರ ಎದುರು ಕೂತು, ತಮ್ಮ ಚೀಟಿಗಳೆಲ್ಲ ಒದ್ದೆಯಾಗಿ ಹಾಳಾಗುತ್ತಿವೆ ಎಂದು ಗೋಳು ತೋಡಿಕೊಂಡರು. ಅಲಿ ಕುಂಞಿಯವರು ಡಬ್ಬಿ ತೆರೆದು ಒಂದು ಮುಷ್ಟಿ ಮೇಣದ ಚೀಟಿ ಎತ್ತಿಕೊಟ್ಟರು. "ನನ್ನ ಹೆಸರು ಕೆರೆದು ತೆಗೀರಿ, ನಿಮ್ಮ ಜನದ ಹೆಸರು ಗೀರಿ. ನೀರು ಹೋಗುದಿಲ್ಲ ಅದಕ್ಕೆ" ಎಂದರು. ಮೂವತ್ತೆಂಟು ವರ್ಷದಲ್ಲಿ ಅವರು ಮಾಡಿದ ತಪ್ಪು ಇದೊಂದೇ. ಒದ್ದೆಯಾಗುತ್ತಿರುವವನಿಗೆ ಕೊಡೆ ಕೊಟ್ಟ ಹಾಗೆ ಕೊಟ್ಟರು. ಕೊಟ್ಟದ್ದು ತಮ್ಮ ಹೆಸರನ್ನು ಎಂಬುದು ಆಗ ಅವರ ತಲೆಗೆ ಹೋಗಲಿಲ್ಲ.

ಉದ್ಘಾಟನೆಯ ದಿನ ಬಂತು. ದೂರದ ವೇದಿಕೆಯೊಂದರಲ್ಲಿ ಗುಂಡಿ ಒತ್ತಿದರೆ ನೂರಾರು ಪಂಚಾಯತ್‌ಗಳ ಪರದೆಗಳು ಒಟ್ಟಿಗೆ ಬೆಳಗಬೇಕಿತ್ತು. ಪಾಲೆಮಜಲಿನ ಪರದೆಯೂ ಬೆಳಗಿತು. ಟೆರೇಸಿನಲ್ಲಿ ಇಪ್ಪತ್ತು ಅಡಿಯ ಬಿದಿರಿನ ಗಳಕ್ಕೆ ಒಂದು ಮೊಬೈಲ್ ಕಟ್ಟಿ, ಅದರ ಹಾಟ್‌ಸ್ಪಾಟಿನಿಂದ ಭಾಷಣವನ್ನು ಎಳೆದು ತರಲಾಗಿತ್ತು. ಕೆಳಗೆ ಕುರ್ಚಿಯಲ್ಲಿ ಕೂತ ಊರವರು ಚಪ್ಪಾಳೆ ತಟ್ಟಿದರು. ಮೇಲೆ ಗಳ ಅಲುಗದಂತೆ ಹಿಡಿದು ನಿಂತಿದ್ದವನು ದೂರವಾಣಿ ಕಚೇರಿಯ ಉಪವಿಭಾಗದ ಎಂಜಿನಿಯರ್, ಸುಳ್ಯದ ಜಯಪ್ರಕಾಶ್. 'ಹನ್ನೊಂದು ಜಾಯಿಂಟ್‌ಗಳನ್ನು ಪರಿಶೀಲಿಸಲಾಗಿದೆ, ಲೈನು ಸೇವೆಗೆ ಸಿದ್ಧ' ಎಂಬ ಪ್ರಮಾಣಪತ್ರಕ್ಕೆ ಅದೇ ಸಂಜೆ ಸಹಿ ಹಾಕಿದವನೂ ಅವನೇ. ಎರಡು ಪೆಟ್ಟಿಗೆಗಳ ಮುಚ್ಚಳ ಎತ್ತಿಸಿ ನೋಡಿದ್ದ. ಮೇಣದ ಚೀಟಿಯಲ್ಲಿ ಅಲಿ ಕುಂಞಿ ಎಂದಿತ್ತು. ಅಷ್ಟು ಸಾಕು ಎಂದುಕೊಂಡ. ಗಳ ಹಿಡಿದ ಕೈಯಿಂದಲೇ ಸಹಿ ಹಾಕುವಾಗ ಅವನಿಗೆ ನಾಚಿಕೆಯಾಗಲಿಲ್ಲ.

ಕಾಗದದಲ್ಲಿ ಸಿದ್ಧವಾದ ಲೈನಿನ ಮೇಲೆ ಕಾಗದದಲ್ಲೇ ಸೌಲಭ್ಯಗಳು ಓಡತೊಡಗಿದವು. ಪಾಲೆಮಜಲಿನ ಆರೋಗ್ಯ ಉಪಕೇಂದ್ರಕ್ಕೆ ಹೃದಯದ ಬಡಿತವನ್ನು ಕಾಗದದ ಪಟ್ಟಿಯ ಮೇಲೆ ಬರೆಯುವ ಇಸಿಜಿ ಯಂತ್ರ ಬಂತು. ಪಟ್ಟಿ ತೆಗೆದರೆ ಫೈಬರಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ, ಹತ್ತು ನಿಮಿಷದಲ್ಲಿ ತಜ್ಞರ ಉತ್ತರ ಬರುತ್ತದೆ ಎಂದರು. ಹಾಗಿರುವಾಗ ಪ್ರತಿ ಗುರುವಾರ ಕಡಬದಿಂದ ಡಾಕ್ಟರು ಯಾಕೆ ಬರಬೇಕು ಎಂದು ಯಾರೋ ಕೇಳಿದರು. ಡಾಕ್ಟರ ಗುರುವಾರ ನಿಂತಿತು. ಉಳಿದವರು ನರ್ಸ್ ನಶೀದಾ ಒಬ್ಬರೇ. ಪಟ್ಟಿ ಒಂದು ದಿನವೂ ಹೋಗಲಿಲ್ಲ. ಅವರು ಅರ್ಧ ಮೈಲು ಗುಡ್ಡ ಹತ್ತಿ, ಮೊಬೈಲಿಗೆ ಎರಡು ಗೆರೆ ಸಿಗುವ ತಿರುವಿನಲ್ಲಿ ನಿಂತು ಹದಿನೇಳು ಸಲ ದೂರು ದಾಖಲಿಸಿದರು. ಹದಿನೇಳು ಸಲವೂ 'ಪರಿಹರಿಸಲಾಗಿದೆ' ಎಂಬ ಸಂದೇಶ ಬಂತು. ಈ ಸುದ್ದಿ ಅಲಿ ಕುಂಞಿಯವರ ಕಿವಿಗೆ ಬಿದ್ದಾಗ ಅವರು ನೇರವಾಗಿ ಜಯಪ್ರಕಾಶನ ಮೇಜಿನ ಮುಂದೆ ನಿಂತು, ತಾನು ಹೋಗಿ ನೋಡಲೇ ಎಂದು ಕೇಳಿದರು. ಲೈನು ಗುತ್ತಿಗೆದಾರರ ನಿರ್ವಹಣೆಯಲ್ಲಿದೆ, ನೀವು ತಲೆ ಹಾಕಬೇಡಿ, ಕಂಪ್ಯೂಟರಿನಲ್ಲಿ ಎಲ್ಲ ಸರಿ ಇದೆ ಎಂದು ಅವನು ಹೇಳಿದ. ಅವರು ನಿಯಮಕ್ಕೆ ತಲೆಬಾಗುವ ಮನುಷ್ಯ, ಹಿಂದಿರುಗಿದರು.

ಜೂನ್ ತಿಂಗಳ ಒಂದು ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಪದ್ಮಯ್ಯನವರು ಹೆಂಡತಿಯನ್ನು ಉಪಕೇಂದ್ರಕ್ಕೆ ಕರೆತಂದರು. ದುಗ್ಗಮ್ಮನವರಿಗೆ ಎದೆ ಹಿಂಡುತ್ತಿತ್ತು. ನಶೀದಾ ಪಟ್ಟಿ ತೆಗೆದರು, ಕಳುಹಿಸುವ ಗುಂಡಿ ಒತ್ತಿದರು, ಚಕ್ರ ಸುತ್ತುತ್ತಲೇ ಉಳಿಯಿತು. ಆಂಬುಲೆನ್ಸಿಗೆ ಹೇಳುವುದಕ್ಕೂ ಗುಡ್ಡ ಹತ್ತಬೇಕಿತ್ತು. ಪಟ್ಟಿಯ ಫೋಟೋ ತೆಗೆದುಕೊಂಡು, ಕೈಯಲ್ಲಿದ್ದ ಮಾತ್ರೆಗಳನ್ನು ಕೊಟ್ಟು, ಅವರು ತಿರುವಿಗೆ ಓಡಿದರು. ಉತ್ತರ ಆರೇ ನಿಮಿಷದಲ್ಲಿ ಬಂತು: ದೊಡ್ಡ ಆಘಾತ, ಈ ಚುಚ್ಚುಮದ್ದು ಕೊಡಿ, ತಕ್ಷಣ ಸಾಗಿಸಿ. ಚುಚ್ಚುಮದ್ದು ಉಪಕೇಂದ್ರದ ಪೆಟ್ಟಿಗೆಯಲ್ಲೇ ಇತ್ತು. ಅವರು ಇಳಿದು ಬರುವಷ್ಟರಲ್ಲಿ ದುಗ್ಗಮ್ಮನವರು ಬೆಂಚಿನ ಮೇಲೆ, ಗಂಡನ ತೊಡೆಯ ಮೇಲೆ ತಲೆಯಿಟ್ಟು ಹೋಗಿಬಿಟ್ಟಿದ್ದರು. ಹೊರಗೋಡೆಯ ಮೇಲೆ ಸ್ಮಾರ್ಟ್ ಗ್ರಾಮ ಎಂದು ಬರೆದಿತ್ತು. ಅದನ್ನು ಬರೆಸಿದವರಿಗೆ ಆ ಬೆಂಚಿನ ಮೇಲೆ ಒಂದು ಗಂಟೆ ಕೂರುವ ಶಿಕ್ಷೆ ಯಾರೂ ಕೊಡಲಿಲ್ಲ.

ಸುದ್ದಿಯಾಯಿತು, ವಿಚಾರಣೆಗೆ ಆಜ್ಞೆಯಾಯಿತು. ಮೇಲಿನಿಂದ ಇಬ್ಬರು ಬಂದು ಸೇತುವೆಯ ಬದಿಯ ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿ, ಮೇಲೆಯೇ ಇದ್ದ ಚೀಟಿಯ ಫೋಟೋ ತೆಗೆದರು. ತಟ್ಟೆ ಎತ್ತಿ ನೋಡಲಿಲ್ಲ. ಮರುವಾರ ಅಲಿ ಕುಂಞಿಯವರಿಗೆ ನೋಟಿಸು ಬಂತು. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಒಂದು ಸಾವಿಗೆ ಕಾರಣವಾದ ಕೆಟ್ಟ ಕೆಲಸ ಅವರದೇ ಎಂದು ಅದರಲ್ಲಿ ಬರೆದುಬಿಟ್ಟಿದ್ದರು. ವಕೀಲರ ಹತ್ತಿರ ಹೋಗಿ ಎಂದವರು ಹಲವರು. ಅವರು ಮೊದಲು ಹೋದದ್ದು ಪದ್ಮಯ್ಯನವರ ಮನೆಗೆ.

ಪದ್ಮಯ್ಯನವರು ಜಗಲಿಯಲ್ಲಿದ್ದರು. ಬಂದವರಿಗೆ ಬೆಲ್ಲ ನೀರು ಕೊಡುವ ಮನೆ ಅದು, ಅವತ್ತು ಕೊಡಲಿಲ್ಲ.

"ಒಳಗೆ ನಿಮ್ಮ ಹೆಸರು ಉಂಟಂತೆ ಅಲಿಚ್ಚ. ನೀವು ಮಾಡಿದ್ದಾ?"

"ಹೆಸರು ನನ್ನದು ಗೌಡ್ರೆ. ಕೆಲಸ ನನ್ನದಲ್ಲ."

ಪದ್ಮಯ್ಯನವರು ದಾಸವಾಳದ ಕಡೆ ನೋಡಿದರು. ಆಮೇಲೆ ಎದ್ದು ಮಾಡಿನ ಕೆಳಗಿಂದ ಗುದ್ದಲಿ ತೆಗೆದರು. "ಹಾಗಾದ್ರೆ ತೆಗೆದು ನೋಡುವ" ಎಂದರು.

ಸಾಕ್ಷಿಗೆ ಅಧಿಕಾರಿಯೊಬ್ಬರು ಇರಲಿ ಎಂದು ಅಲಿ ಕುಂಞಿಯವರು ಜಯಪ್ರಕಾಶನಿಗೆ ಹೇಳಿಕಳುಹಿಸಿದರು, ಅವನು ಬಂದ. ಅದು ಜುಲೈ ನಾಲ್ಕನೆಯ ತಾರೀಕು. ಎರಡು ವಾರ ಬಿಡದೆ ಹೊಯ್ದ ಮಳೆ ಹಿಂದಿನ ದಿನವೇ ನಿಂತು, ಅವತ್ತು ಚಳಿಗಾಲದ ಹಾಗೆ ನಿಚ್ಚಳ ಬಿಸಿಲಿತ್ತು. ಐದು ಅಡಿಗಿಂತ ಆಳದಲ್ಲಿರಬೇಕಾದ ಫೈಬರ್ ಕೇಬಲ್ ಒಂದು ಗೇಣಿನಲ್ಲೇ ಗುದ್ದಲಿಗೆ ಸಿಕ್ಕಿತು. ಮೊದಲ ಪೆಟ್ಟಿಗೆ ತೆರೆದರು, ತಟ್ಟೆ ಎತ್ತಿದರು. ಬೆಸುಗೆಯೇ ಇರಲಿಲ್ಲ. ಗಾಜಿನ ಎಳೆಗಳ ತುದಿಗಳನ್ನು ಅಕ್ಕಪಕ್ಕ ಇಟ್ಟು ಕರಿ ಟೇಪು ಸುತ್ತಿದ್ದರು. ಮೇಲೆ ಪಾತು ಅವರ ದುಂಡಗಿನ ಅಕ್ಷರದಲ್ಲಿ ಅಲಿ ಕುಂಞಿ. ತಾರೀಕು ಕೆರೆದಿರಲಿಲ್ಲ, ಕೆರೆಯಬೇಕೆಂದು ಟೇಪು ಸುತ್ತಿದವರಿಗೆ ಗೊತ್ತೂ ಇರಲಿಲ್ಲ. ಜೀಪಿನಲ್ಲಿ ಒಂದೊಂದೇ ಪೆಟ್ಟಿಗೆಯ ಬಳಿ ಇಳಿದು, ಸಂಜೆಯೊಳಗೆ ಹನ್ನೊಂದನ್ನೂ ತೆರೆದಾಯಿತು. ಹನ್ನೊಂದರಲ್ಲೂ ಅದೇ ಟೇಪು, ಅದೇ ಹೆಸರು. ಜಯಪ್ರಕಾಶ್ ಪ್ರತಿಯೊಂದರ ಒಳಗೂ ಬಗ್ಗಿ ನೋಡಿದ.

ಕೊನೆಯ ಪೆಟ್ಟಿಗೆ ಉಪಕೇಂದ್ರದ ಗೇಟಿನ ಬಳಿ ಇತ್ತು. ಹೇಗಿದೆಯೋ ಹಾಗೆಯೇ ಮುಚ್ಚಿಡಿ, ಇಪ್ಪತ್ತಮೂರಕ್ಕೆ ವಿಚಾರಣೆ, ಅವರೇ ಬಂದು ನೋಡಲಿ ಎಂದು ಜಯಪ್ರಕಾಶ್ ಹೇಳಿದ. ಅದು ಬುದ್ಧಿವಂತಿಕೆಯ ಮಾತೇ. ಆ ಪೆಟ್ಟಿಗೆಯ ಒಳಗಿನ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು ಗೇಟಿನಲ್ಲಿ ನಿಂತಿದ್ದ ನಶೀದಾ, ಮನೆಮಾತು ಬ್ಯಾರಿಯಾದರೂ ಪದ್ಮಯ್ಯನವರಿಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದರು. "ಇವತ್ತು ನಾಲ್ಕು. ಇಪ್ಪತ್ತಮೂರಕ್ಕೆ ಇನ್ನು ಹತ್ತೊಂಬತ್ತು ದಿನ ಉಂಟು ಅಲಿಚ್ಚ. ಅಷ್ಟರವರೆಗೆ ಎದೆನೋವು ಅಂತ ಬಂದವರಿಗೆ ನಾನು ಎಂತ ಹೇಳುದು?"

ಅಲಿ ಕುಂಞಿಯವರು ಜೀಪಿನತ್ತ ನಡೆದು ತಮ್ಮ ಯಂತ್ರದ ಪೆಟ್ಟಿಗೆ ಇಳಿಸಿದರು.

"ಮುಟ್ಟಬೇಡಿ" ಎಂದ ಜಯಪ್ರಕಾಶ್. "ಅದು ನಿಮ್ಮ ಸಾಕ್ಷಿ. ಒಂದನ್ನಾದ್ರೂ ಹಾಗೇ ಬಿಡಿ."

"ಒಂದು ಬಿಟ್ರೂ ಬೆಳಕು ದಾಟುದಿಲ್ಲ ಸಾರ್. ನೀವು ನೋಡಿದ್ದೀರಲ್ಲ ಹನ್ನೊಂದನ್ನೂ. ನೀವು ಹೇಳಿದ್ರೆ ಆಯ್ತಲ್ಲ."

"ಆಯ್ತು. ಮಾಡಿ. ನಾನಿದ್ದೇನೆ" ಎಂದ ಜಯಪ್ರಕಾಶ್.

ನಾಲ್ಕು ದಿನ ಬೇಕಾಯಿತು. ಮರುದಿನದಿಂದ ಮಳೆ ಮತ್ತೆ ಹಿಡಿಯಿತು. ಪದ್ಮಯ್ಯನವರು ದೊಡ್ಡ ಕೊಡೆ ಹಿಡಿದು ಪಕ್ಕದಲ್ಲಿ ಕೂತರು. ಸೂತಕದ ಮನೆಯಿಂದ ಅವರೇ ಗಂಜಿ ತಂದರು. ಅಲಿ ಕುಂಞಿಯವರು ಒಂದೊಂದು ಎಳೆಯನ್ನೂ ಬೆಸೆದು, ಎಡಕ್ಕೆ ಸುತ್ತಿ, ಪ್ರತಿ ಪೆಟ್ಟಿಗೆಯಲ್ಲೂ ಅದೇ ಚೀಟಿಯನ್ನು ಮತ್ತೆ ಇಟ್ಟರು, ಈ ಸಲ ಮೊಳೆಯಿಂದ ಅವತ್ತಿನ ತಾರೀಕು ಕೆರೆದು. ಈಗ ಅದು ನಿಜವಾಗಿ ಅವರ ಕೆಲಸವಾಗಿತ್ತು, ಆದ್ದರಿಂದ ಹೆಸರು ಇಡಲೇಬೇಕಿತ್ತು. ಸುಳ್ಳು ಹೇಳಲು ಬಾರದ ಮನುಷ್ಯನಿಗೆ ಈ ದೇಶದಲ್ಲಿ ಬದುಕು ಎಷ್ಟು ಕಷ್ಟ ಎಂಬುದನ್ನು ಯೋಚಿಸಿದಾಗೆಲ್ಲ ಮೈ ಉರಿಯುತ್ತದೆ. ಏಳನೆಯ ತಾರೀಕು ಲೈನು ಬೆಳಗಿತು. ಹದಿನೈದಕ್ಕೆ ಪಾಲೆಮಜಲಿನ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ ನೆಲ್ಯಾಡಿಯ ಮೂಸಕುಂಞಿ ಎಂಬವರನ್ನು ಎದೆನೋವೆಂದು ಹೊತ್ತು ತಂದರು. ಪಟ್ಟಿ ಹೋಯಿತು, ಉತ್ತರ ಬಂತು, ಚುಚ್ಚುಮದ್ದು ಸೇರಿತು. ಮೂಸಕುಂಞಿಯವರು ಬದುಕಿದ್ದಾರೆ, ಈ ಅಭಿನಂದನ ಸಮಿತಿಯ ಸದಸ್ಯರಾಗಿ ಓಡಾಡುತ್ತಿದ್ದಾರೆ.

ಇಪ್ಪತ್ತಮೂರಕ್ಕೆ ಪುತ್ತೂರಿನ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಪೆಟ್ಟಿಗೆಗಳನ್ನು ಆ ಬೆಳಗ್ಗೆ ತೆರೆದು ನೋಡಿ ಬಂದಿದ್ದರು. ಬೆಸುಗೆ ಎಡಕ್ಕೆ ಸುತ್ತಿದೆ, ಎಡಕ್ಕೆ ಸುತ್ತುವವರು ಅಲಿ ಕುಂಞಿಯೊಬ್ಬರೇ, ಚೀಟಿಯೂ ಅವರದೇ. ಆದ್ದರಿಂದ ಕೆಲಸ ಅವರದು. ತಾರೀಕು ಸಾವಿನ ನಂತರದ್ದು. ಆದ್ದರಿಂದ ತಮ್ಮ ಕೆಟ್ಟ ಕೆಲಸವನ್ನು ತಾವೇ ಮುಚ್ಚಿಹಾಕಿದ್ದಾರೆ, ಅದೂ ಅನುಮತಿಯಿಲ್ಲದೆ. ನಶೀದಾ ತೆಗೆದ ಫೋಟೋಗಳನ್ನು ನೋಡಿ, ಒಂದು ಪೆಟ್ಟಿಗೆಯ ಒಳಗಿನ ಚಿತ್ರ ಯಾವ ಊರಿನದೂ ಆಗಬಹುದು ಎಂದರು. ಪದ್ಮಯ್ಯನವರು ನೊಂದವರು, ಅವರ ಮಾತು ಸಾಕ್ಷಿಯಲ್ಲ ಎಂದರು. ಟೇಪು ಸುತ್ತಿದ ಗುತ್ತಿಗೆದಾರರನ್ನು ಕರೆಸಿಯೇ ಇರಲಿಲ್ಲ. ಉಳಿದವನು ಜಯಪ್ರಕಾಶ್.

"ನಾಲ್ಕನೇ ತಾರೀಕು ನೀವು ಸ್ಥಳದಲ್ಲಿ ಇದ್ದಿರಾ?"

"ಇದ್ದೆ ಸಾರ್."

"ಒಳಗೆ ಏನಿತ್ತು ನೋಡಿದಿರಾ?"

ಅಲಿ ಕುಂಞಿಯವರು ಅವನತ್ತ ನೋಡಲೂ ಇಲ್ಲ. ಉತ್ತರ ಏನೆಂದು ಗೊತ್ತಿದ್ದವರ ನೆಮ್ಮದಿಯಲ್ಲಿ ಟೋಪಿ ಸರಿಪಡಿಸಿಕೊಳ್ಳುತ್ತಿದ್ದರು.

"ಜೋರು ಮಳೆ ಇತ್ತು ಸಾರ್. ಒಳಗೆ ಸರಿಯಾಗಿ ಕಾಣಲಿಲ್ಲ" ಎಂದ ಜಯಪ್ರಕಾಶ್.

ಪೆಟ್ಟಿಗೆಯಲ್ಲಿ ಟೇಪು ಇತ್ತು ಎಂದರೆ, ಹಾಗಾದರೆ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ ಅವನು ಹೆದರಿದ. ಅಲಿ ಕುಂಞಿಯವರ ಕೈ ಟೋಪಿಯ ಮೇಲೆಯೇ ಸ್ವಲ್ಪ ಹೊತ್ತು ನಿಂತಿತು. ಬಂದ ಶಿಕ್ಷೆ ಒಂದು ವಾರ್ಷಿಕ ವೇತನ ಬಡ್ತಿಯ ಕಡಿತ, ಸೇವಾ ಪುಸ್ತಕದಲ್ಲಿ ಛೀಮಾರಿ: 'ಈ ನೌಕರರ ನಿರ್ಲಕ್ಷ್ಯದಿಂದ ಒಂದು ಜೀವಹಾನಿ.' ಮೂವತ್ತೆಂಟು ವರ್ಷದ ಕೊನೆಯ ಪುಟದಲ್ಲಿ ಅದು ಕೂತಿದೆ. ಹೊರಗೆ ಮೆಟ್ಟಿಲಿನ ಬಳಿ ಅವರು ಜಯಪ್ರಕಾಶನಿಗೆ ಹೇಳಿದ್ದು ಒಂದೇ ಮಾತು. "ನೆಲ್ಯಾಡಿಯಲ್ಲಿ ಜೆಸಿಬಿ ಕೇಬಲ್ ಕಡಿದಿದೆಯಂತೆ ಸಾರ್, ನಾನು ಹೊರಟೆ."

ಆ ಜಯಪ್ರಕಾಶ್ ನಾನು. ಈ ಲೇಖನದಲ್ಲಿ ಎಲ್ಲರಿಗೂ ಸಂದ ಗೌರವ ಅವನೊಬ್ಬನಿಗೆ ಯಾಕೆ ಸಲ್ಲಲಿಲ್ಲ ಎಂದು ಯಾರಾದರೂ ಕೇಳಿಕೊಂಡಿದ್ದರೆ ಕಾರಣ ಇದು. ಇಷ್ಟು ಹೊತ್ತು ನಾನು ಎಂದು ಬರೆಯಲು ಕೈ ಬರಲಿಲ್ಲ. ನಾನು ಅಲಿ ಕುಂಞಿಯವರಿಗಿಂತ ಆರು ತಿಂಗಳು ಮೊದಲು ಸ್ವಚ್ಛ ಸೇವಾ ಪುಸ್ತಕದೊಂದಿಗೆ ನಿವೃತ್ತನಾದೆ. ನನಗೂ ಶಾಲು ಹೊದಿಸಿದರು, ಹಾರ ಹಾಕಿದರು. ದಕ್ಷ ಅಧಿಕಾರಿ ಎಂದು ಭಾಷಣ ಮಾಡಿದರು. ಯೋಜನೆಗಳ ಮೇಲೆ, ಗುತ್ತಿಗೆದಾರರ ಮೇಲೆ, ದೆಹಲಿಯ ಮೇಲೆ ನನಗಿರುವ ಸಿಟ್ಟು ಸುಳ್ಳಲ್ಲ. ಆದರೆ ಅವರೆಲ್ಲರ ಕೆಲಸ ಸಲೀಸಾದದ್ದು ನನ್ನಂಥವರು ಗಳ ಹಿಡಿದು ನಿಂತದ್ದರಿಂದ.

ಇದನ್ನು ಬರೆಯುವ ಮೊದಲು ಕುಂಬ್ರಕ್ಕೆ ಹೋಗಿದ್ದೆ. ಅಲಿ ಕುಂಞಿಯವರು ಚಹಾ ಕೊಟ್ಟು, "ಬೇಡ ಸಾರ್, ಇನ್ನೆಂತಕ್ಕೆ. ಲೈನು ಉಂಟಲ್ಲ" ಎಂದರು. ಪಾತು ಅವರು ನನ್ನ ಜೊತೆ ಅದುವರೆಗೆ ಮಾತಾಡಿದವರಲ್ಲ. ಒಳಬಾಗಿಲಿನಿಂದ ಹೇಳಿದರು: "ಬರೀಲಿ. ಅದು ನಾನು ಬರೆದ ಹೆಸರು."

ಆದ್ದರಿಂದ ಬರೆದಿದ್ದೇನೆ. ಇದೇ ವಿವರಕ್ಕೆ ಸಹಿ ಮಾಡಿ ವಿಚಾರಣೆ ನಡೆಸಿದ ಪ್ರಾಧಿಕಾರಕ್ಕೂ ಕಳುಹಿಸಿದ್ದೇನೆ. ನನ್ನ ಪಿಂಚಣಿಯನ್ನು ಏನು ಬೇಕಾದರೂ ಮಾಡಿಕೊಳ್ಳಲಿ, ಆ ಛೀಮಾರಿಯ ಪುಟ ಹರಿಯಲಿ. ಅಲಿ ಕುಂಞಿಯವರಿಗೂ ಪಾತು ಅವರಿಗೂ ದೇವರು ದೀರ್ಘಾಯುಷ್ಯ ಕೊಡಲಿ, ಕಣ್ಣು ಕೈ ಗಟ್ಟಿಯಾಗಿರಲಿ. ಅವರ ಸೇವೆ ಹೀಗೆಯೇ ಮುಂದುವರಿಯಲಿ ಎಂದು ಮಾತ್ರ ನಾನು ಹಾರೈಸುವುದಿಲ್ಲ. ಕೇಬಲ್ ತುಂಡಾದಾಗ ಈಗಲೂ ಕಚೇರಿಯವರು ಅವರಿಗೇ ಫೋನು ಮಾಡುತ್ತಾರೆ, ಜಾಯಿಂಟ್ ಎಲ್ಲಿದೆ ಎಂದು ಕೇಳುತ್ತಾರೆ, ಅವರು ಬೈಕು ಹತ್ತಿ ಹೊರಡುತ್ತಾರೆ. ದಯವಿಟ್ಟು ಅವರನ್ನು ಇನ್ನಾದರೂ ಬಿಟ್ಟುಬಿಡಿ. ಕೆಲಸಕ್ಕೆ ಜನರನ್ನು ನೇಮಿಸಿ, ಸಂಬಳ ಕೊಡಿ, ಕಲಿಸಿ.

ಇನ್ನು ನಾನು ಹೇಳಬೇಕಾಗಿದ್ದ ಉತ್ತರ. ಹೌದು ಸಾರ್, ನೋಡಿದೆ. ಹನ್ನೊಂದು ಪೆಟ್ಟಿಗೆಗಳಲ್ಲೂ ಟೇಪು ಇತ್ತು, ಒಂದರಲ್ಲೂ ಬೆಸುಗೆ ಇರಲಿಲ್ಲ. ಜೋಡಿಸಿ ಎಂದು ಅಲಿ ಕುಂಞಿಯವರಿಗೆ ಹೇಳಿದವನು ನಾನು. ಆ ದಿನ ಮಳೆ ಇರಲಿಲ್ಲ.